ತಂತಿಯಿಲ್ಲದ ಬಿಸಿ

ದೊಡ್ಡಬಳ್ಳಾಪುರ
13 ನವೆಂಬರ್ 2022

ಅಪ್ಪನಿಗೆ,

ಇವತ್ತು ಬೆಳಿಗ್ಗೆ ದ್ಯಾವಮ್ಮತ್ತೆಯ ಮೊರದಲ್ಲಿ ಸತ್ತ ನೊಣವೊಂದು ರೆಕ್ಕೆ ಬಡಿಯಿತು. ನಾವು ಓಡಾಡುವ ದಾರಿಯ ಮೇಲೆ ಮೊರ ಇದ್ದಾಗ ಅದು ಸುಮ್ಮನೆ ಬಿದ್ದಿತ್ತು. ಅತ್ತೆ ಮೊರವನ್ನು ಕರಬೂಜದ ಪಾತಿಯ ಮೇಲೆ ತಂದಳು, ಬಡಿಯಿತು. ಆಚೆ ಒಯ್ದಳು, ನಿಂತಿತು. ನಾನು ಇನ್ನೊಂದು ಸಲ ಮಾಡು ಎಂದೆ. "ಸಾಕು ಕಣೆ, ಅದನ್ನ ನೆಮ್ದಿಯಾಗಿ ಸಾಯಕ್ ಬಿಡು" ಎಂದಳು.

ನೊಣ ಅಂದರೆ ನಿಜವಾದ ನೊಣವಲ್ಲ. ಜೇನುಹುಳದಷ್ಟು ಗಾತ್ರದ ಯಂತ್ರ. ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸಿನೊಳಗೆ ಜೇನು ಬರುವುದಿಲ್ಲವಾದ್ದರಿಂದ ಹೂವಿಂದ ಹೂವಿಗೆ ಪರಾಗ ಒಯ್ಯುವುದಕ್ಕೆ ಕಂಪನಿ ಇವನ್ನು ಮಾಡಿದೆ. ಹೆಂಗಸರು ಇವಕ್ಕೆ ಕಂಪನಿ ನೊಣ ಎಂದು ಹೆಸರಿಟ್ಟಿದ್ದಾರೆ. ಒಳಗೆ ಬ್ಯಾಟರಿ ಇಲ್ಲ. ಪಾತಿಗಳ ಮಣ್ಣಿನ ಕೆಳಗೆ ತಾಮ್ರದ ತಂತಿಯನ್ನು ಸುರುಳಿ ಸುರುಳಿಯಾಗಿ ಹೂತಿದ್ದಾರೆ. ನೊಣದ ಹೊಟ್ಟೆಯಲ್ಲೂ ಒಂದು ಕೂದಲಿನಂಥ ಸುರುಳಿ ಇದೆ. ಕೆಳಗಿನದಕ್ಕೆ ಕರೆಂಟು ಬಿಟ್ಟರೆ ಮೇಲಿನದರಲ್ಲೂ ಕರೆಂಟು ಹುಟ್ಟುತ್ತದೆ. ನಡುವೆ ಏನೂ ಇಲ್ಲ, ಬರೀ ಗಾಳಿ. ಇಂಜಿನಿಯರ್ ಭಾನುಪ್ರಕಾಶ್ ನನಗೆ ಇದನ್ನು ವಿವರಿಸಿ, ಕನ್ನಡದಲ್ಲಿ ಹೆಂಗಸರಿಗೆ ತಿಳಿಯುವ ಹಾಗೆ ಬೋರ್ಡು ಬರೆದುಕೊಡು ಎಂದರು. ಅದೇ ನನ್ನ ಕೆಲಸ. ಎಂ.ಎ. ಓದಿದ್ದಕ್ಕೆ ಇಷ್ಟಾದರೂ ಸಿಕ್ಕಿತು.

ಅತ್ತೆಯ ಕೆಲಸ, ಬಿದ್ದ ನೊಣಗಳನ್ನು ಕುಂಚದಿಂದ ಎತ್ತಿ ಮತ್ತೆ ಪಾತಿಗೆ ಬಿಡುವುದು. ಮೊದಲು ಬೀಜದ ತೋಟದಲ್ಲಿ ಕೈಯಿಂದಲೇ ಹೂವಿಗೆ ಪರಾಗ ಹಚ್ಚುತ್ತಿದ್ದಳಲ್ಲ, ಅವಳ ಕೈ ಹಗುರ. ನಾವಿಬ್ಬರೂ ಹಿಂದಿನ ಶೀಟಿನ ರೂಮಿನಲ್ಲಿದ್ದೇವೆ. ಫೋನು ಗೇಟಿನಲ್ಲೇ ಕೊಟ್ಟುಬಿಡಬೇಕು. ಕೊಡದಿದ್ದರೂ ಬೆಳ್ಳಿ ಕೆಲಸದ ಸುತ್ತಿಗೆ ಬಡಿದು ಬಡಿದು ಮಂದವಾದ ನಿನ್ನ ಕಿವಿಗೆ ಫೋನಿನಿಂದ ಏನು ಪ್ರಯೋಜನ! ಅದಕ್ಕೇ ಕಾಗದ.

ಮೊದಲ ದಿನ ಒಂದು ಗಲಾಟೆ ಆಯಿತು. ಪಾತಿಗೆ ಇಳಿಯುವವರು ಮೈಮೇಲಿನ ಲೋಹವನ್ನೆಲ್ಲ ತೆಗೆದಿಡಬೇಕು ಎಂದು ನಿಯಮ. ಬಳೆ ಬಿಚ್ಚಿದರು, ತಾಳಿಯ ಬದಲು ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಂಡರು. ಕಾಲುಂಗುರಕ್ಕೆ ಬಂದಾಗ ಯಾರೂ ಬಗ್ಗಲಿಲ್ಲ. ನಮ್ಮ ಜೊತೆ ಕೆಲಸ ಮಾಡುವ ಪಾಪಕ್ಕ, "ಏನಪ್ಪಾ ಇಂಜಿನಿಯರು, ನನ್ ಗಂಡ ಮನೇಲಿ ಗುಂಡ್ಕಲ್ಲಂಗವ್ನೆ, ನೀನು ಇವತ್ತೇ ತಿಥಿ ಮಾಡಿಸ್ತೀಯಾ?" ಎಂದಳು. ಭಾನುಪ್ರಕಾಶ್ ಪಾಪ, ಪೇಟೆಗೆ ಹೋಗಿ ಒಂದು ಜೊತೆ ಕಾಲುಂಗುರ ಕೊಂಡು ತಂದು, ಪಾತಿಯ ಮೇಲಿಟ್ಟು, ಬಹಳ ಹೊತ್ತು ಕರೆಂಟು ಬಿಟ್ಟು, ಆಮೇಲೆ ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡು ತೋರಿಸಿದರು. ತಣ್ಣಗಿತ್ತು. "ಕಾಲುಂಗುರಕ್ಕೆ ವಿನಾಯಿತಿ ಇದೆ" ಎಂದು ನಾನೇ ಬೋರ್ಡಿನಲ್ಲಿ ಸೇರಿಸಿದೆ.

ಅತ್ತೆ ಖುಷಿಯಾಗಿದ್ದಾಳೆ. ಒಂದೇ ಒಂದು ವಿಷಯ. ಈ ಪಾತಿಗಳಲ್ಲಿ ಇರುವೆಗಳಿಲ್ಲ. ಸಕ್ಕರೆಯಂಥ ಹಣ್ಣು ಬಿಡುವ ಬಳ್ಳಿ, ಹುಡುಕಿದರೂ ಒಂದು ಇರುವೆ ಸಿಗಲಿಲ್ಲ.

ನಿನ್ನ
ರಂಜಿತ


ಹೊಸಕೋಟೆ
25 ನವೆಂಬರ್ 2022

ಚಿ. ರಂಜಿತಳಿಗೆ,

ಕಾಗದ ಬಂತು. ನೀವು ನೊಣ ಸಾಕುತ್ತಿರುವ ಸಂಗತಿಯನ್ನು ಎದುರು ಟೀ ಅಂಗಡಿಯ ಅಪ್ಪಯ್ಯಣ್ಣನಿಗೆ ಹೇಳಿದೆ. "ನಮ್ಮಂಗಡೀಲಿ ಬೇಕಾದಷ್ಟವೆ, ಕರೆಂಟೂ ಕೇಳಲ್ಲ, ಬಂದು ತುಂಬ್ಕೊಂಡ್ ಹೋಗಕ್ಕೇಳು" ಎಂದು ನನ್ನ ಕಿವಿಯ ಹತ್ತಿರ ಕೂಗಿದ. ಬೀದಿಗೆಲ್ಲ ಕೇಳಿಸಿತು.

ದ್ಯಾವಮ್ಮಕ್ಕನ ಕಾಲುಂಗುರದ ಚಿಂತೆ ಬೇಡ. ಕೆಲಸಕ್ಕೆ ಹೊರಡುವ ಮೊದಲು ಅಂಗಡಿಗೆ ಬಂದಿದ್ದಳು. ಹಳೆಯ ಬೆಸುಗೆ ಬಿರುಕು ಬಿಟ್ಟಿತ್ತು. ಪೇಟೆಯ ಉಂಗುರಕ್ಕೆ ಎರಡು ತುದಿಗಳ ನಡುವೆ ಸಂದು ಇರುತ್ತದಲ್ಲ, ಅದನ್ನು ಕೆಸರಿನಲ್ಲಿ ಕೆಲಸ ಮಾಡುವ ಹೆಂಗಸರು ಇಟ್ಟುಕೊಳ್ಳುವುದಿಲ್ಲ. ಮಣ್ಣಿಗೆ ಸಿಕ್ಕಿ ಜಾರಿಹೋದರೆ ಅಪಶಕುನ ಎಂದು ಊಟ ಬಿಡುತ್ತಾರೆ. ಅದಕ್ಕೇ ತುದಿಗಳನ್ನು ಕೂಡಿಸಿ ಬೆಸುಗೆ ಹಾಕಿಸಿಕೊಳ್ಳುತ್ತಾರೆ. ಅಕ್ಕನದಕ್ಕೆ ಈ ಸಲ ಗಟ್ಟಿ ಬೆಸುಗೆಯನ್ನೇ ಹಾಕಿ, ಸೋಪು ಸವರಿ ಬೆರಳಿಗೆ ಏರಿಸಿದ್ದೇನೆ. ಕಾಲು ಹೋದರೂ ಉಂಗುರ ಹೋಗಲ್ಲ ಎಂದೆ. ನಕ್ಕಳು.

ಅವಳಿಗೆ ಸಕ್ಕರೆ ಕಾಯಿಲೆ ಇರುವುದು ಮರೆಯಬೇಡ. ಪಾದದಲ್ಲಿ ಸ್ಪರ್ಶವೇ ಇಲ್ಲ, ಮುಳ್ಳು ಮುರಿದರೂ ತಿಳಿಯುವುದಿಲ್ಲ. ದಿನಾ ಸಂಜೆ ಕಾಲು ತೊಳೆದು ನೋಡು.

ಇರುವೆ ಇಲ್ಲದಿದ್ದರೆ ಒಳ್ಳೆಯದೇ ಅಲ್ಲವೆ?

ಇಂತಿ
ವೆಂಕಟರಾಮಪ್ಪ


ದೊಡ್ಡಬಳ್ಳಾಪುರ
18 ಡಿಸೆಂಬರ್ 2022

ಅಪ್ಪನಿಗೆ,

ಈ ತಿಂಗಳ ಮೊದಲಲ್ಲಿ ಕರೆಂಟು ಜಾಸ್ತಿ ಮಾಡಿದರು. ಬಳ್ಳಿ ಹಬ್ಬಿ ಹೂ ಮೇಲೆ ಬಂದಿದೆ, ನೊಣಗಳು ಇನ್ನೂ ಎತ್ತರಕ್ಕೆ ಏಳಬೇಕು. ಈಗ ಬೆಳಿಗ್ಗೆ ಸ್ವಿಚ್ಚು ಹಾಕಿದ ಕೂಡಲೇ ಇಡೀ ಪಾತಿ ಒಂದೇ ಸಲ ಗುಂಯ್ ಎನ್ನುತ್ತದೆ. ಮೇಲೆ ಏರ್‌ಪೋರ್ಟಿಗೆ ಇಳಿಯುವ ವಿಮಾನ ಹೋದರೂ ಆ ಸದ್ದು ಮುಳುಗುವುದಿಲ್ಲ.

ಹೋದ ವಾರ ಮುನಿಗಂಗಮ್ಮ ಪಾತಿಯ ನಡುವೆ ಕುಣಿದುಬಿಟ್ಟಳು. "ಅಯ್ಯಯ್ಯೋ, ಕೆಂಜಿಗ ಕಚ್ತು!" ಎಂದು ಚಪ್ಪಲಿ ಎಸೆದು ಓಡಿದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಇರುವೆಯೇ ಇಲ್ಲದ ಕಡೆ ಕೆಂಜಿಗ ಎಲ್ಲಿಂದ ಬಂತು? ಮಾರನೆಯ ದಿನ ಇನ್ನಿಬ್ಬರಿಗೆ ಹಾಗೇ ಆಯಿತು. ಭಾನುಪ್ರಕಾಶ್ ಮತ್ತೆ ಆ ಪೇಟೆಯ ಉಂಗುರವನ್ನೇ ಇಟ್ಟು ನೋಡಿದರು, ತಣ್ಣಗೇ ಇತ್ತು. ರಬ್ಬರ್ ಚಪ್ಪಲಿಯ ಅಲರ್ಜಿ ಇರಬೇಕು ಎಂದು ಎಲ್ಲರಿಗೂ ಹೊಸ ಚಪ್ಪಲಿ ತರಿಸಿದರು.

ಪಾಪಕ್ಕನಿಗೆ ಮಾತ್ರ ಏನೂ ಆಗಿರಲಿಲ್ಲ. ಊಟದ ಹೊತ್ತಿಗೆ ಎಲ್ಲರೂ ಕಾಲು ಚಾಚಿ ಕೂತಿದ್ದಾಗ ನಾನು ಮುಖಗಳ ಬದಲು ಕಾಲುಗಳನ್ನೇ ನೋಡುತ್ತಿದ್ದೆ. ಪಾಪಕ್ಕನದು ಮಗಳ ಮದುವೆಯಲ್ಲಿ ಕೊಂಡ ಹೊಸ ಉಂಗುರ, ಸಂದು ಇದ್ದದ್ದು. ಮುನಿಗಂಗಮ್ಮನದು ಸಂದಿಲ್ಲದ್ದು. ಉಳಿದಿಬ್ಬರದೂ ಅಷ್ಟೆ. ನಿನ್ನ ಕಾಗದದ ಬೆಸುಗೆಯ ಸಾಲು ನೆನಪಾಗಿ ತಟ್ಟೆ ಕೆಳಗಿಟ್ಟೆ.

ನೊಣದ ಹೊಟ್ಟೆಯ ಸುರುಳಿ ಒಂದು ಕಡೆ ಕಿತ್ತರೆ ನೊಣ ಸತ್ತ ಹಾಗೆ ಎಂದು ಭಾನುಪ್ರಕಾಶ್ ಮೊದಲೇ ಹೇಳಿದ್ದರು. ಸುತ್ತು ಪೂರ್ತಿಯಾಗಿದ್ದರೆ ಮಾತ್ರ ಅದರಲ್ಲಿ ಕರೆಂಟು ಓಡುತ್ತದೆ. ಬೆಸುಗೆ ಹಾಕಿದ ಉಂಗುರ ಪೂರ್ತಿ ಸುತ್ತು, ಅಪ್ಪ. ಪಾತಿಗೆ ಎಲ್ಲಕ್ಕಿಂತ ಹತ್ತಿರ ಇರುವುದು ಕಾಲಿನ ಬೆರಳು.

ಅವತ್ತು ಸಂಜೆ ಅತ್ತೆಯ ಕಾಲು ತೊಳೆಯುವಾಗ ಬೆರಳುಗಳನ್ನು ಬಿಡಿಸಿ ನೋಡಿದೆ. ದಿನಾ ತೊಳೆಯುತ್ತಿದ್ದೆ, ಬಿಡಿಸಿ ನೋಡಿರಲಿಲ್ಲ. ಬಲಗಾಲಿನ ಉಂಗುರದ ಸುತ್ತ ಚರ್ಮ ಬೆಳ್ಳಗೆ ಬೆಂದು ನೀರು ಕಟ್ಟಿತ್ತು. ಸಣ್ಣಗೆ ವಾಸನೆ ಇತ್ತು. "ನೋಯ್ತಿಲ್ವಾ ಅತ್ತೆ?" ಎಂದೆ. "ಏನ್ ನೋವು? ಆ ಕಾಲು ನಂದೇ ಆದ್ರೂ ನಂಗೇನೂ ವಿಷ್ಯ ಹೇಳಲ್ಲ ಕಣೆ" ಎಂದಳು. ಬೆರಳು ಊದಿದೆ, ಉಂಗುರ ಈಗ ಬಿಚ್ಚಲು ಬರುವುದಿಲ್ಲ.

ಏನು ಮಾಡಲಿ, ಬೇಗ ಬರೆ.

ರಂಜಿತ


ಹೊಸಕೋಟೆ
27 ಡಿಸೆಂಬರ್ 2022

ರಂಜಿತ,

ನಲವತ್ತು ವರ್ಷದಿಂದ ಬೆಳ್ಳಿ ಕಾಯಿಸುತ್ತಿದ್ದೇನೆ. ಬೆಂಕಿ ತಾಕದೆ ಬೆಳ್ಳಿ ಕಾಯುವುದನ್ನು ಕಂಡಿಲ್ಲ. ನೀನು ಓದಿದವಳು, ಏನೇನೋ ಕೂಡಿಸಿಕೊಂಡು ಹೆದರಬೇಡ. ಆ ರಬ್ಬರ್ ಚಪ್ಪಲಿಯೇ ಕಾರಣವಿರಬಹುದು.

ಮೇಲಿನದು ಬರೆದು ಎರಡು ದಿನ ಇಟ್ಟಿದ್ದೆ. ಅಂಚೆಗೆ ಹಾಕಲು ಕೈ ಬರಲಿಲ್ಲ.

ನಿನಗೆ ತಿಳಿಯದ್ದು ಒಂದಿದೆ. ಅಕ್ಕನ ಗಂಡ, ನಿನ್ನ ಆದಿನಾರಾಯಣಪ್ಪ ಮಾವ, ಬಾಡಿಗೆಗೆ ಲಾರಿ ಹತ್ತಿ ಮದ್ರಾಸು ಕಡೆಗೆ ಹೋದ ದಿನ ಅಕ್ಕ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದಳು. ಕೆಸರಿನಲ್ಲಿ ಒಂದು ಉಂಗುರ ಜಾರಿತು. ಆಮೇಲೆ ಖಾಲಿ ಲಾರಿ ಸಿಕ್ಕಿತು, ಬಾಡಿಗೆ ದುಡ್ಡು ಸಿಕ್ಕಿತು, ಮಾವ ಸಿಗಲಿಲ್ಲ. ಊರವರು ಅವಳ ಕಾಲನ್ನು ತೋರಿಸಿ ಮಾತಾಡಿದರು. ಅವಳು ಇಡೀ ಗದ್ದೆ ತಡಕಿ ಉಂಗುರವನ್ನು ತಂದು ನನ್ನ ಮುಂದಿಟ್ಟು, ಇನ್ನು ಯಾವತ್ತೂ ಜಾರದ ಹಾಗೆ ಮಾಡಿಕೊಡು ಎಂದಳು. ಮಾಡಿಕೊಟ್ಟೆ. ಹದಿನೈದು ವರ್ಷ ಆಗಿರಬೇಕು. ಇವತ್ತಿಗೂ ಅವಳು ಮುತ್ತೈದೆಯೇ. ಆ ಬೆಸುಗೆ ಬಿಡಿಸಿದರೆ ಮಾವ ಇಲ್ಲ ಎಂದು ಅವಳೇ ಒಪ್ಪಿಕೊಂಡ ಹಾಗೆ.

ಕತ್ತರಿಸು ಎಂದು ನಾನು ಹೇಳಲಾರೆ. ಬೇಡ ಎಂದೂ ಹೇಳಲಾರೆ. ಅವಳನ್ನು ಮನೆಗೆ ಕರೆದುಕೊಂಡು ಬಾ.

ಅಪ್ಪ


ದೊಡ್ಡಬಳ್ಳಾಪುರ
10 ಜನವರಿ 2023

ಅಪ್ಪನಿಗೆ,

ಭಾನುಪ್ರಕಾಶ್‌ಗೆ ಹೇಳಿದೆ. ಅವರ ಮೇಜಿನ ಮೇಲೆ ಒಂದು ತುಂಡು ತಂತಿ ಇತ್ತು, ಅದನ್ನೇ ಬಗ್ಗಿಸಿ ಎರಡು ತುದಿ ಮುಟ್ಟಿಸಿ ತೋರಿಸಿದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಗುರು, ನಾನು ಟೆಸ್ಟ್ ಮಾಡಿದ್ದು ಓಪನ್ ರಿಂಗು" ಎಂದು ತಮಗೆ ತಾವೇ ಹೇಳಿಕೊಂಡರು. ಅವತ್ತೇ ಪಾತಿಯ ಕರೆಂಟು ನಿಲ್ಲಿಸಿದರು.

ಮಾರನೆಯ ದಿನ ಪೇಟೆಯಿಂದ ಅಕ್ಕಸಾಲಿಗರೊಬ್ಬರನ್ನು ಕರೆಸಿದರು. ಬೆಸುಗೆ ಬಿಡಿಸಿ ಸಂದು ಮಾಡಿಸಿಕೊಂಡವರು ಮಾತ್ರ ಒಳಗೆ ಬರಬಹುದು ಎಂದು ಹೊಸ ಬೋರ್ಡು ಬರೆದೆ. ಮುನಿಗಂಗಮ್ಮ ಗಂಡನನ್ನೇ ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡು, ಅವನ ಬಾಯಿಗೆ ಬೆಲ್ಲ ಹಾಕಿ ಬಿಡಿಸಿಕೊಂಡಳು. "ಉಸಿರಾಡ್ತಾ ಇದೀಯೇನಯ್ಯಾ?" ಎಂದು ನಡುನಡುವೆ ಕೇಳುತ್ತಿದ್ದಳು. ಅತ್ತೆ ಸರದಿಗೆ ಬರಲೇ ಇಲ್ಲ.

ತಪಾಸಣೆಯ ದಿನ ಎಲ್ಲರೂ ಸಾಲಾಗಿ ನಿಂತರು. ಭಾನುಪ್ರಕಾಶ್ ಮರ್ಯಾದಸ್ಥ, ಅಮ್ಮನ ವಯಸ್ಸಿನವರ ಕಾಲನ್ನು ಹಿಡಿದು ನೋಡುವುದಕ್ಕೆ ಅವರಿಗೆ ಸಂಕೋಚ. ಮೇಲಿನಿಂದಲೇ ನೋಡಿದರು. ಸಂದು ಇರುವುದು ಬೆರಳಿನ ಅಡಿಗೆ. "ಆಂಟಿ, ನಿಮ್ದು ಮಾಡ್ಸಿದ್ರಾ?" ಎಂದರು. ಅತ್ತೆ, "ನನ್ ತಮ್ಮನೇ ಬೆಳ್ಳಿ ಕೆಲಸದೋನು. ಬೇಕಾದ್ರೆ ಇವಳನ್ನ ಕೇಳಪ್ಪಾ, ದಿನಾ ಕಾಲ್ ತೊಳೆಯೋಳು" ಎಂದು ನನ್ನ ಕಡೆ ನೋಡಿದಳು. ಎಲ್ಲರೂ ನನ್ನನ್ನೇ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವಳ ಆ ನೋಟದ ಮುಂದೆ ಇಲ್ಲ ಎನ್ನಲು ಆಗಲಿಲ್ಲ.

ಆಮೇಲೆ ಆಸ್ಪತ್ರೆಗೂ ಕರೆದುಕೊಂಡು ಹೋದೆ. ನರ್ಸು, ಮೊದಲು ಈ ಉಂಗುರ ತೆಗೆಸಿ, ಕಪ್ಪಗಾದರೆ ಬೆರಳು ಹೋಗುತ್ತೆ, ಬೆರಳಿಗೇ ನಿಲ್ಲುವುದೂ ಇಲ್ಲ ಎಂದಳು. ಅತ್ತೆ ಬ್ಯಾಂಡೇಜು ಕಟ್ಟಿಸಿಕೊಂಡು, ಉಂಗುರದ ಮಾತು ಬಂದಾಗ ಎದ್ದು ಹೊರಟಳು.

ಫೆಬ್ರವರಿ ಒಂದರಿಂದ ಇಡೀ ಪಾಲಿಹೌಸಿಗೆ ಪೂರ್ತಿ ಕರೆಂಟು. ಅಲ್ಲಿಯವರೆಗೆ ಪಾತಿಗಳು ಸುಮ್ಮನಿವೆ. ಮನೆಗೆ ಹೋಗೋಣ ಎಂದು ದಿನಾ ಹೇಳುತ್ತಿದ್ದೇನೆ. ಅವಳು ನಿನಗೇ ಕಾಗದ ಬರೆಸುತ್ತಾಳಂತೆ.

ರಂಜಿತ


ದೊಡ್ಡಬಳ್ಳಾಪುರ
17 ಜನವರಿ 2023

ಲೋ ವೆಂಕಟರಾಮ,

ನಾನು ಹೇಳ್ತೀನಿ, ಇವಳು ಬರೀತಾಳೆ. ಹೇಳಿದ್ದನ್ನ ಹಂಗೇ ಬರೀಬೇಕು ಅಂತ ಆಣೆ ಹಾಕ್ಸಿದೀನಿ. ಇವಳ ಮುಖ ಹುಣಸೆಹಣ್ಣಾಗೈತೆ.

ಸಂಕ್ರಾಂತಿ ಚೆನ್ನಾಗಾಯ್ತು. ಇಲ್ಲಿ ಹೆಂಗಸ್ರೆಲ್ಲ ಎಳ್ಳು ಬೀರಿದ್ರು. ನಂಗೂ ಅರಿಶಿನ ಕುಂಕುಮ ಕೊಟ್ರು ಕಣೋ. ಯಾರೂ ಹಿಂದೆಮುಂದೆ ನೋಡ್ಲಿಲ್ಲ. ಹೊಸಕೋಟೇಲಿ ನಿಮ್ಮ ಬೀದೀಲಿ ತಟ್ಟೆ ಹಿಡ್ಕೊಂಡು ಬಂದೋರು ನನ್ನ ಕಂಡ್ರೆ ಒಂದ್ ಗಳಿಗೆ ನಿಂತ್ಬಿಡ್ತಿದ್ರು, ಕೊಡ್ಬೇಕೋ ಬೇಡ್ವೋ ಅಂತ. ಆ ಒಂದ್ ಗಳಿಗೆ ಐತಲ್ಲ, ಅದು ಸುಡ್ತದೆ ನೋಡು. ಇದೇನ್ ಸುಡ್ತದೆ.

ಮನೆಗೆ ಬಾ ಅಂತ ಬರ್ದಿದೀಯ. ಬಂದು? ನಿನ್ನ ಮನೆ ಮೂಲೇಲಿ ಕೂತು, "ಏನಾದ್ರೂ ಸುದ್ದಿ ಬಂತಾ ದ್ಯಾವಮ್ಮ" ಅನ್ನೋರ್ಗೆಲ್ಲ ಇಲ್ಲ ಇಲ್ಲ ಅಂತಿರ್ಬೇಕಾ? ಇಲ್ಲಿ ಯಾರೂ ಕೇಳಲ್ಲ. ಮನೆಯವ್ರು ಲಾರಿ ಮೇಲೋಗವ್ರೆ ಅಂದೆ, ಆಯ್ತು ಅಂದ್ರು. ನನ್ ಕೈ ಚೆನ್ನಾಗೈತೆ ಅಂತಾನೆ ಆ ಇಂಜಿನಿಯರು.

ನೀನು ಹತಾರ ತಗೊಂಡು ಇಲ್ಲಿಗೆ ಬರ್ಬೇಡ. ಬಂದ್ರೆ ಈ ಗೇಟು ದಾಟಿ ಎಲ್ಲಿಗ್ ಹೋಗ್ತೀನೋ ನಂಗೇ ಗೊತ್ತಿಲ್ಲ. ಮನೆ ಬಿಟ್ಟು ಹೋಗೋದು ನಮ್ಮನೇಲಿ ಒಬ್ರಿಗೇ ಗೊತ್ತಿರೋದಲ್ಲ.

ಬೆರಳೇನು, ಹತ್ತವೆ. ಅವರು ಒಬ್ರೇ.

ಹುಡ್ಗಿ ಅಳ್ತಾ ಐತೆ. ಇದನ್ನೂ ಬರೀಲಿ.

ನಿನ್ನಕ್ಕ
ದ್ಯಾವಮ್ಮ


ಹೊಸಕೋಟೆ
25 ಜನವರಿ 2023

ಚಿ. ರಂಜಿತಳಿಗೆ,

ಅಕ್ಕನಿಗೆ ಅಕ್ಕಿ ಹಪ್ಪಳ ಕಳಿಸಿದ್ದೇನೆ. ಡಬ್ಬದ ಅಡಿಯಲ್ಲಿ ಇನ್ನೊಂದು ಪೊಟ್ಟಣ ಇದೆ, ಅದು ನಿನಗೆ. ನಾನು ಸೂಕ್ಷ್ಮ ಕೆಲಸಕ್ಕೆ ಇಟ್ಟುಕೊಂಡಿದ್ದ ಗರಗಸ. ಅಲಗು ದಾರಕ್ಕಿಂತ ತೆಳು, ಬಾಗಿಸಿದರೆ ಮುರಿಯುತ್ತದೆ, ಅದಕ್ಕೇ ನಾಲ್ಕು ಇಟ್ಟಿದ್ದೇನೆ. ಚರ್ಮ ತಾಗದ ಹಾಗೆ ಒಳಗೆ ಸೇರಿಸುವುದಕ್ಕೆ ಹಿತ್ತಾಳೆಯ ತಗಡಿನ ಚೂರು ಇದೆ. ಅಲಗಿಗೆ ಸೋಪು ಸವರಿಕೊಳ್ಳಬೇಕು. ಒತ್ತಬಾರದು, ಎಳೆಯಬೇಕು. ಬೆಳ್ಳಿ ಮೃದು, ಬೇಗ ಒಪ್ಪಿಕೊಳ್ಳುತ್ತದೆ. ಕೊಯ್ದಮೇಲೆ ತುದಿಗಳು ಮತ್ತೆ ಕೂಡಬಾರದು, ನಡುವೆ ಏನಾದರೂ ಇರಬೇಕು.

ಉಪಯೋಗ ಬೀಳದಿದ್ದರೆ ವಾಪಸ್ಸು ತಾ. ಒಳ್ಳೆಯ ಗರಗಸ.

ಈಗೀಗ ಬಲಗಿವಿಯೂ ಪೂರ್ತಿ ಹೋಗಿದೆ. ಅಪ್ಪಯ್ಯಣ್ಣ ಕೂಗಿದರೂ ಕೇಳಿಸುವುದಿಲ್ಲ. ಯಾರು ಏನು ಹೇಳಿದರೂ ನನಗೆ ತಿಳಿಯುವುದಿಲ್ಲ ಎಂದುಕೋ.

ಅಪ್ಪ


ದೊಡ್ಡಬಳ್ಳಾಪುರ
31 ಜನವರಿ 2023

ಅಪ್ಪನಿಗೆ,

ಇವತ್ತು ಸಂಜೆ ಪ್ರಯೋಗಕ್ಕೆಂದು ಪೂರ್ತಿ ಕರೆಂಟು ಸ್ವಲ್ಪ ಹೊತ್ತು ಬಿಟ್ಟಿದ್ದರು, ಒಳಗೆ ಯಾರೂ ಇರಲಿಲ್ಲ. ನಾವೆಲ್ಲ ಬಾಗಿಲ ಹೊರಗೆ ನಿಂತು ನೋಡಿದೆವು. ಯಾರೋ ಪಾತಿಯಲ್ಲಿ ಮರೆತಿದ್ದ ಒಂದು ತಂತಿಯ ಸುತ್ತು, ಬಳ್ಳಿ ಕಟ್ಟುವುದಕ್ಕೆ ಎರಡು ತುದಿ ಹೆಣೆದಿಟ್ಟದ್ದು, ಅದರ ಸುತ್ತಲಿನ ಎಲೆಗಳು ಮೆಲ್ಲಗೆ ಬಾಡಿ ಸುರುಟಿಕೊಂಡವು. ಹೊಗೆ ಇಲ್ಲ, ಸದ್ದಿಲ್ಲ. ಮುನಿಗಂಗಮ್ಮ ಬಗ್ಗಿ ತನ್ನ ಉಂಗುರದ ಸಂದು ತಡವಿಕೊಂಡಳು. ಪಾಪಕ್ಕ ಕೂಡ.

ನಾನು ಅತ್ತೆಯ ಮುಖ ನೋಡಿದೆ. ಅವಳು ಎಲೆಗಳನ್ನೇ ನೋಡುತ್ತಿದ್ದಳು. ಅವಳಿಗೆ ಅರ್ಥವಾಗಿದೆ, ಅಪ್ಪ. ಆಮೇಲೆ ನನ್ನ ಕೈ ಹಿಡಿದು, "ನಾಳೆ ಹೊಸ ಸೀರೆ ಉಟ್ಕೋಬೇಕಂತೆ ಕಣೆ, ದೊಡ್ಡೋರ್ ಬರ್ತಾರಂತೆ" ಎಂದಳು.

ಬ್ಯಾಂಡೇಜಿನ ಕೆಳಗೆ ಬೆರಳಿನ ಒಂದು ಬದಿ ನೀಲಿಯಾಗಿದೆ. ಇನ್ನೂ ಕಪ್ಪಾಗಿಲ್ಲ.

ಮೂರು ದಾರಿ ಯೋಚಿಸಿದೆ. ಭಾನುಪ್ರಕಾಶ್‌ಗೆ ನಿಜ ಹೇಳಿದರೆ ಅವಳನ್ನು ಇವತ್ತೇ ಕಳಿಸುತ್ತಾರೆ. ಆದರೆ ಅವಳು ನಿನ್ನ ಮನೆಗೆ ಬರುವುದಿಲ್ಲ. ಗೇಟು ದಾಟಿ ಹೋಗುತ್ತೇನೆ ಎಂದು ಅವಳು ಬರೆಸಿದ ಆ ಸಾಲನ್ನು ನಾನೇ ಕೈಯಾರೆ ಬರೆದಿದ್ದೇನೆ, ಅದು ಬರೀ ಬೆದರಿಕೆಯಾಗಿರಲಿಲ್ಲ. ಕಾಡಿಬೇಡಿ ಒಪ್ಪಿಸಲು ನೋಡಿದೆ. "ನನ್ ಕಾಲಿನ ಮೇಲೆ ನೀನು ಆಣೆ ಮಾಡು, ಇದನ್ನ ಯಾರೂ ಬಿಡ್ಸಲ್ಲ ಅಂತ" ಎಂದು ನನ್ನ ಕೈಯನ್ನು ಎಳೆದು ಪಾದದ ಮೇಲಿಟ್ಟುಕೊಂಡಳು. ನಾನು ಬಾಯಿ ತೆರೆಯಲಿಲ್ಲ. ಮೌನವನ್ನೇ ಆಣೆ ಎಂದುಕೊಂಡು ಸಮಾಧಾನವಾದಳು. ನನ್ನ ಬಗ್ಗೆ ಎಲ್ಲರೂ ಹಾಗೇ ತಿಳಿಯುತ್ತಾರೆ.

ಅವಳು ಬಗ್ಗಿ ತನ್ನ ಅಂಗಾಲು ನೋಡಿಕೊಳ್ಳಲಾರಳು. ಆ ಬೆರಳುಗಳಿಗೆ ಏನು ಮಾಡಿದರೂ ಅವಳಿಗೆ ತಿಳಿಯುವುದಿಲ್ಲ. ಈ ಎರಡು ಮಾತನ್ನು ಬರೆಯುವುದಕ್ಕೇ ನನಗೆ ಹೆದರಿಕೆಯಾಗುತ್ತಿದೆ. ಇಷ್ಟು ದಿನ ಆ ಬಿಸಿ ಅವಳನ್ನು ಸುಡುತ್ತಿದ್ದದ್ದೂ ಇದನ್ನೇ ನಂಬಿಕೊಂಡು, ನಾಳೆ ನಾನೂ ಇದನ್ನೇ ನಂಬಬೇಕು.

ಬೆಳಿಗ್ಗೆ ಅವಳಿಗಿಂತ ಮೊದಲು ಎದ್ದು ನೀರು ಕಾಯಿಸುತ್ತೇನೆ. ಅವಳನ್ನು ಬಾಗಿಲಲ್ಲಿ ಬಿಸಿಲಿಗೆ ಕೂರಿಸಿ, ಅವಳಿಗೆ ಬೆನ್ನು ಹಾಕಿ ಕೂತು, ಕಾಲನ್ನು ಮಡಿಲಲ್ಲಿಟ್ಟುಕೊಳ್ಳುತ್ತೇನೆ. ಮಾವನ ಲಾರಿಯ ಕಥೆ ಕೇಳಿದರೆ ಅವಳು ಎಷ್ಟು ಹೊತ್ತು ಬೇಕಾದರೂ ಹೇಳುತ್ತಾಳೆ. ಹೂಂ ಹೂಂ ಎನ್ನುತ್ತಾ ಎರಡೂ ಉಂಗುರಗಳನ್ನು ಅಡಿಯಿಂದ ಕೊಯ್ಯುತ್ತೇನೆ. ಸಂದಿನಲ್ಲಿ ಅರಿಶಿನದ ದಾರ ಸೇರಿಸಿ ಸುತ್ತುತ್ತೇನೆ, ತುದಿಗಳು ಕೂಡುವುದಿಲ್ಲ, ಉಂಗುರ ಜಾರುವುದೂ ಇಲ್ಲ. ಗಾಯಕ್ಕೆ ಎಂದು ಹೇಳಿದರೆ ನಂಬುತ್ತಾಳೆ. ಮೇಲಿನಿಂದ ನೋಡಿದರೆ ಏನೂ ಬದಲಾಗಿರುವುದಿಲ್ಲ. ನೀರಿನಲ್ಲಿ ಬೀಳುವ ಬೆಳ್ಳಿಯ ಪುಡಿಯನ್ನು ಕರಬೂಜಕ್ಕೆ ಚೆಲ್ಲುವುದಿಲ್ಲ, ದೂರ ಒಯ್ದು ಚೆಲ್ಲುತ್ತೇನೆ.

ಅವಳಿಗೆ ನಾಳೆ ಹೇಳುವುದಿಲ್ಲ, ಬೆರಳು ವಾಸಿಯಾದ ಮೇಲೆಯೂ ಹೇಳುವುದಿಲ್ಲ. ಯಾವತ್ತಾದರೂ ಕೇಳಿದರೆ, ಬೆಸುಗೆ ಭದ್ರವಾಗಿದೆ ಅತ್ತೆ, ಅನ್ನುತ್ತೇನೆ. ನಿನ್ನನ್ನು ಕೇಳಿದರೆ ನೀನೂ ಹಾಗೇ ಅನ್ನಬೇಕು.

ರಂಜಿತ